ಗೊಟ್ಟ ಕುಡಿದ ಫಟಫಟಿ

ಇಳಕಲ್ಲಿನಲ್ಲಿ ಮೊದಲ ಫಟಫಟಿ ಯಾರ ಮನೆಗೆ ಬಂತು ಎಂದು ಕೇಳಿದರೆ ನಮ್ಮ ಓಣಿಯವರು ಎದೆಯುಬ್ಬಿಸಿ ರಾಚಪ್ಪನ ಹೆಸರು ಹೇಳುತ್ತಾರೆ. ಅದು ಎಷ್ಟು ದೂರ ಓಡಿತು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರಿಗೂ ಮನೆಯಲ್ಲಿ ಏನೋ ಜರೂರು ಕೆಲಸ ನೆನಪಾಗುತ್ತದೆ. ಹೇಳುವವರು ಬೇರೆ ಯಾರೂ ಇಲ್ಲದ್ದರಿಂದ ಆ ಭಾರ ನನ್ನ ಮೇಲೆ ಬಿದ್ದಿದೆ.

ಜರ್ಮನಿಯ ಯುದ್ಧ ಮುಗಿದು ಸ್ವಲ್ಪ ಕಾಲವಾಗಿತ್ತು. ಬಾಗಲಕೋಟೆಯಲ್ಲಿದ್ದ ಒಬ್ಬ ಇಂಗ್ಲಿಷ್ ಸಾಹೇಬ ತನ್ನ ದೇಶಕ್ಕೆ ಹೊರಟು, ಮನೆಯ ಸಾಮಾನನ್ನೆಲ್ಲ ಲಿಲಾವಿಗೆ ಇಟ್ಟು ಹರಾಜು ಕೂಗಿಸಿದ. ಸೀರೆಯ ಗಂಟು ಮಾರಲು ಆ ಊರಿಗೆ ಹೋಗಿದ್ದ ರಾಚಪ್ಪ ಬರುವಾಗ ಫಟಫಟಿ ತಳ್ಳಿಕೊಂಡು ಬಂದ. ಈಗಿನ ಫಟಫಟಿಗಳನ್ನು ನೋಡಿದವರಿಗೆ ಅದನ್ನು ವಿವರಿಸುವುದು ಕಷ್ಟ. ಸೈಕಲ್ಲಿಗಿದ್ದಂತೆ ಎರಡು ಪೆಡಲು, ಹೊಟ್ಟೆಯಲ್ಲಿ ಯಂತ್ರ, ಬೆನ್ನ ಮೇಲೆ ಪೆಟ್ರೋಲಿನ ಟಾಕಿ, ಟಾಕಿಯ ಬಾಯಿಗೊಂದು ಹಿತ್ತಾಳೆಯ ಮುಚ್ಚಳ. ಹಿಂದಿನ ಗಾಲಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಸೀಟಿನ ಮೇಲೆ ಕೂತು ಜೀವ ಹೋಗುವಂತೆ ಪೆಡಲು ತುಳಿದರೆ ಅದು ಫಟಫಟ ಎಂದು ಎಚ್ಚರವಾಗುತ್ತಿತ್ತು.

ಆ ಬೇಸಿಗೆಯೆಲ್ಲ ರಾಚಪ್ಪ ಓಣಿಯ ಗಂಡಸರನ್ನು ಸರದಿಯಂತೆ ಹಿಂದೆ ಹತ್ತಿಸಿಕೊಂಡು ಊರು ಸುತ್ತಿದ. ಹೆಂಡತಿ ಸಾವಿತ್ರೆವ್ವನನ್ನು ಮಾತ್ರ ಒಮ್ಮೆಯೂ ಹತ್ತಿಸಲಿಲ್ಲ. ಹೆಂಗಸರು ಕೂತರೆ ಯಂತ್ರಕ್ಕೆ ತೂಕ ತಪ್ಪುತ್ತದೆ ಎಂದು ಸಾಹೇಬನ ಬಟ್ಲರ್ ಹೇಳಿದ್ದನಂತೆ. ಈ ಮಾತನ್ನು ಸಾವಿತ್ರೆವ್ವ ಕೇಳಿಸಿಕೊಂಡು ಸುಮ್ಮನಿದ್ದಳು. ಸುಮ್ಮನಿದ್ದಳು ಎಂದರೆ ಮರೆತಳು ಎಂದು ತಿಳಿದದ್ದು ರಾಚಪ್ಪನ ದಡ್ಡತನ.

ಮಳೆ ಹತ್ತಿತು. ನಮ್ಮ ಎರೆಭೂಮಿಯ ಕೆಸರು ಆನೆಯ ಕಾಲನ್ನೂ ಬಿಡುವುದಿಲ್ಲ, ಫಟಫಟಿಯ ಗಾಲಿಯನ್ನು ಬಿಟ್ಟೀತೇ? ರಾಚಪ್ಪ ಅದನ್ನು ದನದ ಕೊಟ್ಟಿಗೆಯಲ್ಲಿ ಎರಡು ಎತ್ತುಗಳ ನಡುವೆ ನಿಲ್ಲಿಸಿ, ತಾಡಪತ್ರಿ ಹೊದಿಸಿ, "ಯಾರೂ ಮುಟ್ಟಬ್ಯಾಡ್ರಿ" ಎಂದು ತಾಯಿ ಗುರುಲಿಂಗವ್ವನಿಗೂ ಹೆಂಡತಿಗೂ ತಾಕೀತು ಮಾಡಿದ.

ನಾಗರಪಂಚಮಿ ಬಂತು. ಅಕ್ಕನನ್ನು ತವರಿಗೆ ಕರೆದೊಯ್ಯಲು ಹುನಗುಂದದಿಂದ ಸಾವಿತ್ರೆವ್ವನ ತಮ್ಮ ಸಂಗನಬಸಪ್ಪ ಬಂದ. ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾಗಿದ್ದ ಈತ ತನಗಿಂತ ಮೇಲಿನವರ ಮುಂದೆ ನಗುತ್ತಿರಲಿಲ್ಲ. ಉಳಿದ ನಗೆಯನ್ನೆಲ್ಲ ಕೂಡಿಟ್ಟು ಭಾವನ ಮನೆಗೆ ತರುತ್ತಿದ್ದ. ಈ ಸಲ ಹೊಸ ಟಾಂಗಾವನ್ನೂ ತಂದಿದ್ದ.

"ಮಾಮಾ, ನಿಮ್ಮ ಫಟಫಟಿ ದನದ ಕೊಟ್ಟಿಗ್ಯಾಗ ಕಟ್ಟೀರಂತ! ದಿನಾ ಎಷ್ಟು ಮೇವು ತಿಂತೈತ್ರಿ?" ಎಂದು ಓಣಿಗೆಲ್ಲ ಕೇಳುವಂತೆ ಕೇಳಿದ.

ರಾಚಪ್ಪನ ಮೀಸೆ ತಾನಾಗಿ ಮೇಲೆ ಹೋಯಿತು. "ಶ್ರಾವಣ ಮುಗದ ಮರುದಿನ ನಿಮ್ಮೂರ ಪ್ಯಾಟ್ಯಾಗ ನಿಂತು ನೋಡಲೇ ತಮ್ಮಾ. ನಿಮ್ಮಕ್ಕನ್ನ ಫಟಫಟಿ ಮ್ಯಾಲ ಕುಂದ್ರಿಸಿಕೊಂಡು ಬರ್ತೇನಿ. ನಿನ್ನ ಟಾಂಗಾ ನಮ್ಮ ಧೂಳ ಕುಡಕೋಂತ ಹಿಂದ ಬರ್ಲಿ!"

ಟಾಂಗಾ ಏರಿದ್ದ ಸಾವಿತ್ರೆವ್ವ ಥಟ್ಟನೆ ತಿರುಗಿದಳು. "ಖರೇನ?"

"ಖರೆ."

"ಓಣಿ ಮಂದಿ ಎಲ್ಲಾ ಕೇಳ್ಯಾರ, ನೆನಪಿಡ್ರಿ. ನೀವು ಫಟಫಟಿ ಮ್ಯಾಲ ಕುಂತು ಬಂದ್ರ ನಾನೂ ಅದರ ಮ್ಯಾಲ ಕುಂತು ಬರ್ತೇನಿ. ಚಕ್ಕಡ್ಯಾಗ ಕುಂತು ಬಂದ್ರ, ಹಂಗ ಚಕ್ಕಡ್ಯಾಗ ಕುಂತು ನೀವೊಬ್ರ ತಿರುಗಿ ಹೋಗ್ರಿ. ನಾ ದೀವಳಿಗಿ ಮುಗಿಸಿಕೊಂಡು ಬರ್ತೇನಿ. ಅವಾಗೂ ಮನಸ್ಸ ಬಂದ್ರ."

ಟಾಂಗಾ ಹೋಯಿತು. ಶ್ರಾವಣವೆಲ್ಲ ರಾಚಪ್ಪ ತಾಯಿ ಬಡಿದ ರೊಟ್ಟಿ ತಿಂದ. ಗುರುಲಿಂಗವ್ವನಿಗೆ ವಯಸ್ಸಾಗಿತ್ತು, ರೊಟ್ಟಿಗೆ ಇನ್ನೂ ಹೆಚ್ಚು ವಯಸ್ಸಾದಂತೆ ಕಾಣುತ್ತಿತ್ತು. ಆದರೆ ಅದು ದೊಡ್ಡ ಮಾತಲ್ಲ. ಹೆಂಡತಿ ಇಲ್ಲದ ಮನೆಯಲ್ಲಿ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಸಂಜೆಯಾದರೆ ಹುನಗುಂದದ ಹಾದಿ ನೋಡುತ್ತ ಕಟ್ಟೆಯ ಮೇಲೆ ಕೂಡುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಶ್ರಾವಣ ಮುಗಿದ ಮರುದಿನ ಬೆಳಿಗ್ಗೆ ಇಡೀ ಓಣಿ ಹಲ್ಲುಜ್ಜುವುದನ್ನು ಬಿಟ್ಟು ರಾಚಪ್ಪನ ಮನೆಯ ಮುಂದೆ ಸೇರಿತು. ರಾಚಪ್ಪ ಹಳದಿ ರುಮಾಲು ಸುತ್ತಿ, ಸಾಹೇಬ ಬಿಟ್ಟುಹೋದ ದೊಡ್ಡ ಕಪ್ಪು ಚಾಳೀಸು ಕಣ್ಣಿಗೆ ಹಾಕಿ, ತಾಡಪತ್ರಿ ಸರಿಸಿದ. ಫಟಫಟಿಯನ್ನು ಅಂಗಳಕ್ಕೆ ತಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬಾಗಲಕೋಟೆ ಸ್ಟೇಷನ್ನಿನಿಂದ ತರಿಸಿದ್ದ ಡಬ್ಬಿಯಿಂದ ಹೊಸ ಪೆಟ್ರೋಲು ಹೊಯ್ದ. ಹತ್ತಿ ಕೂತ. ತುಳಿದ.

ಫಟಫಟಿ ಮಾತಾಡಲಿಲ್ಲ.

ಮತ್ತೆ ತುಳಿದ. ರುಮಾಲು ಬಿಚ್ಚಿ ತುಳಿದ. ಅಂಗಿ ಬಿಚ್ಚಿ ತುಳಿದ. ಹುನಗುಂದಕ್ಕೆ ಹೋಗಿ ಬರುವಷ್ಟು ತುಳಿದರೂ ಹಿಂದಿನ ಗಾಲಿ ಗಾಳಿಯಲ್ಲಿ ಸುಮ್ಮನೆ ತಿರುಗಿತೇ ಹೊರತು ಹೊಟ್ಟೆಯಿಂದ ಹೂಂ ಎನ್ನುವ ಸದ್ದೂ ಬರಲಿಲ್ಲ.

ಪಕ್ಕದ ಮನೆಯ ನೇಕಾರ ಇಬ್ರಾಹಿಂಸಾಬ ಮುಂದೆ ಬಂದ. ಆತನ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಯಂತ್ರಗಳಿದ್ದವು, ಒಂದು ಮಗ್ಗ, ಇನ್ನೊಂದು ಮಗ್ಗದಂಥಾದ್ದು. "ಮಗ್ಗ ಭಾಳ ದಿನ ನಿಂತ್ರ ಹಾಸಿನ ನೂಲು ಬಿಗೀತೈತಿ ರಾಚಪ್ಪಾ. ಎಲ್ಲಾ ಸಡ್ಲ ಮಾಡು" ಎಂದ.

ರಾಚಪ್ಪ ಕಂಡ ಕಂಡ ತಿರುಪುಗಳನ್ನೆಲ್ಲ ಸಡಿಲ ಮಾಡಿದ. ಹ್ಯಾಂಡಲ್ಲು ಅವನ ಕೈಯಲ್ಲೇ ಬಂತು.

"ಇಷ್ಟು ಸಡ್ಲ ಅಲ್ಲೋ! ಸೀರಿ ಸೆರಗು ಕೂಡಿಸುವಾಗ ನೋಡಿಲ್ಲೇನು? ಹಿಂಗ ಹಿಡಿ, ಹಂಗ ಬಿಡು."

ಎಲ್ಲ ಬಿಗಿ ಮಾಡಿದರು. ಮತ್ತೆ ತುಳಿದ. ಇಲ್ಲ. ಆಗ ಗುಂಪು ತಾನಾಗಿ ಎರಡಾಗಿ ದಾರಿ ಬಿಟ್ಟಿತು. ಮಲೀಕಸಾಬ ಬರುತ್ತಿದ್ದ.

ಎತ್ತಿಗೆ ಮದ್ದು ಕೊಡುವುದರಲ್ಲಿ ಮಲೀಕಸಾಬನ ಹೆಸರು ಬಾದಾಮಿಯವರೆಗೂ ಹಬ್ಬಿತ್ತು. ಆತ ಯಾರ ಮನೆಗೂ ಓಡಿ ಬರುತ್ತಿರಲಿಲ್ಲ, ರೋಗಿಗೆ ಗಾಬರಿಯಾಗಬಾರದೆಂದು ನಿಧಾನ ಬರುತ್ತಿದ್ದ. ಬಂದವನೇ ಫಟಫಟಿಯ ಸುತ್ತ ಒಂದು ಸುತ್ತು ಹಾಕಿ, ಟಾಕಿಯ ಬೆನ್ನು ತಟ್ಟಿ, ಹ್ಯಾಂಡಲ್ಲಿನ ತುದಿ ಹಿಡಿದು ಬಿಸಿಯೋ ತಣ್ಣಗೋ ನೋಡಿದ.

"ಎಂದಿನಿಂದ ನಿಂತೈತಿ?"

"ಮಳಿ ಹತ್ತಿದಾಗಿಂದ, ಕಾಕಾ."

"ಬಿಸಲಿಗಿ ಬಿಟ್ಟಿದ್ದೇನು?"

"ಇಲ್ಲ."

"ಸಂಜಿಗಾದ್ರೂ ಕೈಹಿಡಿದು ನಾಕ ಹೆಜ್ಜಿ ಅಡ್ಡಾಡಿಸಿದ್ದೇನು?"

"ಇಲ್ಲ ಕಾಕಾ."

"ಮತ್ತ ಏಳಂದ್ರ ಹೆಂಗ ಏಳತೈತಿ? ದುಡಿಯೋ ಜೀವಾ ನಿಂತ್ರ ಹೊಟ್ಟಿ ಕಟ್ಟತೈತಿ!" ಎಂದು ಗದರಿಸಿ, ಹಿತ್ತಾಳೆಯ ಮುಚ್ಚಳ ತೆಗೆದು, ಟಾಕಿಯ ಬಾಯಿಗೆ ಮೂಗು ಹಚ್ಚಿದ. ಒಮ್ಮೆ ಮೂಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ. ಮುಖ ಅರಳಿತು.

"ಭಲೇ! ಇದಕ್ಕ ಗೊಟ್ಟ ಹಾಕೀರಿ!"

ಗೊಟ್ಟವೆಂದರೆ ಒಂದು ತುದಿ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ಕಾರಹುಣ್ಣಿಮೆಯ ಹೊತ್ತಿಗೆ ಎತ್ತಿನ ಬಾಯಿ ಮೇಲೆತ್ತಿ ಹಿಡಿದು, ಆ ಕೊಳವೆಯಲ್ಲಿ ಮಜ್ಜಿಗೆ, ಎಣ್ಣೆ, ಬೆಲ್ಲ, ಅರಿಷಿಣ ಕಲಸಿ ಗಂಟಲಿಗೆ ಹೊಯ್ಯುತ್ತಾರೆ. ಬಿತ್ತುವ ದಿನಗಳಲ್ಲಿ ಮೈಗೆ ಕಸುವು ಇರಲೆಂದು ನಮ್ಮ ಕಡೆ ಮಾಡುವ ಉಪಚಾರ ಅದು. ಎತ್ತಿಗೆ.

"ಯಾರ ಕೈಯೋ, ಭಾಳ ಚಲೋ ಕೈ" ಎಂದು ಮಲೀಕಸಾಬ ಗುಂಪಿಗೆ ತಿಳಿಸಿದ. "ಅರಿಷಿಣ ಹದಾ ಐತಿ, ಬೆಲ್ಲಾನೂ ಹಳೇದು. ಔಷಧಾ ಬರೋಬ್ಬರಿ. ಆದ್ರ ಇಷ್ಟು ದೊಡ್ಡ ಮೈಗೆ ಸಾಲೂದಿಲ್ಲ. ಇನ್ನೂ ಹಾಕ್ಬೇಕು."

ಬಾಗಿಲಲ್ಲಿ ನಿಂತಿದ್ದ ಗುರುಲಿಂಗವ್ವ ಹೊಗಳಿಕೆ ಕೇಳಿ ಸೆರಗು ಸರಿಮಾಡಿಕೊಂಡಳು.

"ನಾನ ಹಾಕೇನಪಾ. ಕಾರಹುಣ್ಣಿವಿ ದಿನ ಎರಡೆತ್ತಿಗೂ ಹಾಕಿದ್ನಿ. ನಡುವ ಅದೊಂದ ಬಾಯಿ ಮುಚ್ಚಿಕೊಂಡು ನಿಂತಿತ್ತು. ನೋಡಿ ಕರುಳ ಚುರ್ ಅಂತು. ಮುಚ್ಚಳಾ ತಗದು ಅದಕ್ಕೂ ಹಾಕಿದ್ನಿ. ಎತ್ತಾದ್ರ ಒದರ್‍ಯಾಡಿ ಅರ್ಧಾ ಚೆಲ್ಲತಾವ. ಇದು ಒಂದು ಹನಿ ಚೆಲ್ಲಲಾರದ ಕುಡೀತು. ಭಾಳ ಸಾದಾ ಜೀವ!"

"ಯವ್ವಾ! ಅದು ಯಂತ್ರ!"

"ಯಂತ್ರಾದ್ರ ನಮ್ಮ ಮನ್ಯಾಂದಲ್ಲೇನು? ಎಲ್ಲಾರಿಗೂ ಹಾಕಿ ಒಬ್ಬರನ್ನ ಬಿಡಾಕ ನಾ ಏನು ಅಷ್ಟು ಕೆಟ್ಟಾಕಿ?"

ಕೈಗೆ ಸಿಕ್ಕವರೆಲ್ಲ ಸೇರಿ ಫಟಫಟಿಯನ್ನು ಎತ್ತಿ ತಲೆಕೆಳಗು ಮಾಡಿದರು. ಟಾಕಿಯಿಂದ ಹೊಸ ಪೆಟ್ರೋಲು ಮೊದಲು ಬಂತು, ಅದರ ಹಿಂದೆ ಹಳದಿ ಬಣ್ಣದ ಗಟ್ಟಿ ಪದಾರ್ಥ ಬುಳುಬುಳು ಇಳಿಯಿತು. ಓಣಿಯ ನಾಯಿ ಬಂದು ಮೂಸಿ, ಇದು ತನಗೆ ಆಗುವಂಥದ್ದಲ್ಲ ಎಂದು ಹಿಂದೆ ಸರಿಯಿತು. ಚಿಮಣಿ ಎಣ್ಣೆ ಹಾಕಿ ಟಾಕಿ ತೊಳೆದರು. ಪ್ಲಗ್ಗು ಬಿಚ್ಚಿ ಇಬ್ರಾಹಿಂಸಾಬ ತನ್ನ ಲುಂಗಿಯ ತುದಿಯಿಂದ ಒರೆಸಿದ. ಡಬ್ಬಿಯಲ್ಲಿ ಉಳಿದಿದ್ದ ಪೆಟ್ರೋಲು ಹೊಯ್ದರು. ಮಲೀಕಸಾಬ ಮಾತ್ರ ದೂರ ನಿಂತು, "ಕೊಟ್ಟ ಔಷಧಾ ಚೆಲ್ಲಬಾರದ್ರೋ, ನನ್ನ ಮಾತ ಕೇಳ್ರಿ" ಎಂದು ಮರುಗುತ್ತಿದ್ದ.

ರಾಚಪ್ಪ ಹತ್ತಿ ಕೂತು ಹಲ್ಲು ಕಚ್ಚಿ ತುಳಿದ.

ಫಟ್!

ಒಂದೇ ಒಂದು. ಆದರೆ ಎಂಥ ಫಟ್! ಕಾಗೆಗಳು ಹಾರಿದವು, ಜನ ಹೋ ಎಂದರು, ಹಿಂದಿನ ಕೊಳವೆಯಿಂದ ಬೆಳ್ಳಗೆ ಹೊಗೆ ಎದ್ದಿತು. ಹೊಗೆ ಓಣಿಗೆಲ್ಲ ಹರಡಿದಾಗ ಹೆಂಗಸರು ಮೂಗರಳಿಸಿ, "ಇಷ್ಟೊತ್ತಿಗೆ ಯಾರ ಮನ್ಯಾಗ ಒಗ್ಗರಣಿ?" ಎಂದು ಕೇಳಿದರು. ಆಮೇಲೆ ಎಷ್ಟು ತುಳಿದರೂ ಎರಡನೆಯ ಫಟ್ ಬರಲಿಲ್ಲ.

ಅಷ್ಟೇ ಆಗಿದ್ದರೆ ರಾಚಪ್ಪ ಹೊಟ್ಟೆನೋವೆಂದು ಮಲಗುತ್ತಿದ್ದ. ಆದರೆ ಹುನಗುಂದದ ಪೇಟೆಗೆ ಹೊರಟಿದ್ದ ಮಂದಿ ಆ ಒಂದು ಸದ್ದು ಕೇಳಿದ್ದರು. ಹಾದಿಯಲ್ಲಿ ಸಿಕ್ಕವರಿಗೆಲ್ಲ, "ಇಳಕಲ್ಲ ಫಟಫಟಿ ಹೊಂಟೈತಿ, ಹಿಂದಿಂದ ಬರಾಕತ್ತೈತಿ, ಸರೀರಿ!" ಎಂದು ಸಾರುತ್ತ ಹೋದರು. ಈಗ ಹೋಗದಿದ್ದರೆ ಸಂಗನಬಸಪ್ಪ ಸಾಯುವವರೆಗೂ ನಗುತ್ತಾನೆ. ಚಕ್ಕಡಿಯಲ್ಲಿ ಕೂತು ಹೋದರೆ ಸಾವಿತ್ರೆವ್ವ ಬರುವುದಿಲ್ಲ. ರಾಚಪ್ಪ ಅಂಗಳದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ.

ಆಗ ಗುರುಲಿಂಗವ್ವ ಹೇಳಿದಳು, "ನಡಿಯಾಕ ಬರಲಾರದವರನ್ನ ಚಕ್ಕಡ್ಯಾಗ ಹಾಕ್ಕೊಂಡು ದವಾಖಾನಿಗಿ ಒಯ್ಯಂಗಿಲ್ಲೇನು? ಇದನ್ನೂ ಹಂಗ ಒಯ್ರಿ."

ರಾಚಪ್ಪ ಎದ್ದು ಕುಣಿದ. ಹುನಗುಂದದ ಹೊರಗಿನ ಹಳ್ಳದವರೆಗೆ ಚಕ್ಕಡಿಯಲ್ಲಿ ಒಯ್ಯುವುದು, ಅಲ್ಲಿ ಯಾರೂ ಕಾಣದಂತೆ ಕೆಳಗಿಳಿಸುವುದು, ಇಳಿಜಾರಿನಲ್ಲಿ ಉರುಳಿಸಿಕೊಂಡು ಊರೊಳಗೆ ನುಗ್ಗುವುದು, ಬಾಯಿಂದಲೇ ಫಟಫಟ ಎನ್ನುವುದು. ಇಂಥ ಹಂಚಿಕೆ ಜರ್ಮನಿಯವರಿಗೆ ಹೊಳೆದಿದ್ದರೆ ಅವರು ಯುದ್ಧ ಸೋಲುತ್ತಿರಲಿಲ್ಲ ಎಂದು ಇಬ್ರಾಹಿಂಸಾಬ ಹೇಳಿದ. ರಾಚಪ್ಪನ ಎತ್ತುಗಳನ್ನೇ ಹೂಡಿದ ಚಕ್ಕಡಿ ಬಂತು. ಫಟಫಟಿಯನ್ನು ಅದರ ಮೇಲೆ ಸ್ಟ್ಯಾಂಡು ಹಾಕಿ ನಿಲ್ಲಿಸಿ ನಾಲ್ಕೂ ಕಡೆ ಹಗ್ಗ ಬಿಗಿದರು. ಆದರೂ ಅದು ವಾಲುತ್ತಿತ್ತು. ಹಿಡಿಯುವವರೊಬ್ಬರು ಬೇಕಲ್ಲ ಎಂದು ರಾಚಪ್ಪನೇ ಸೀಟಿನ ಮೇಲೆ ಕೂತ, ಅವನನ್ನೂ ಸೇರಿಸಿ ಕಟ್ಟಿದರು. ಇಂಥ ಸ್ಥಿತಿಯಲ್ಲಿ ರೋಗಿಯನ್ನು ಒಂಟಿಯಾಗಿ ಕಳಿಸಬಾರದೆಂದು ಮಲೀಕಸಾಬ ತಾನೇ ಎತ್ತು ಹೊಡೆಯಲು ಕೂತ.

ಹಂಚಿಕೆಯಲ್ಲಿ ಒಂದೇ ಒಂದು ದೋಷವಿತ್ತು. ಹುನಗುಂದದ ಮಂದಿ ಪೇಟೆಯಲ್ಲಿ ಕಾಯುತ್ತಾರೆಂದು ರಾಚಪ್ಪ ತಿಳಿದಿದ್ದ. ಫಟಫಟಿಯಂಥ ಫಟಫಟಿ ಬರುವಾಗ ಅವರೇನು ಊರೊಳಗೆ ಕೂತಿರುತ್ತಾರೆಯೇ? ಹಲಗೆ ಬಾರಿಸುವವರನ್ನು ಮುಂದೆ ಮಾಡಿಕೊಂಡು ಹಳ್ಳದವರೆಗೂ ಎದುರುಗೊಳ್ಳಲು ಬಂದಿದ್ದರು. ಮುಂದೆ ಸಂಗನಬಸಪ್ಪ ಟಾಂಗಾದ ಮೇಲೆ ನಿಂತಿದ್ದ. ಪಕ್ಕದಲ್ಲಿ ಸಾವಿತ್ರೆವ್ವ, ಹೊಸ ಸೀರೆ ಉಟ್ಟು, ತವರಿನ ಗೆಳತಿಯರನ್ನೆಲ್ಲ ಕಟ್ಟಿಕೊಂಡು ನಿಂತಿದ್ದಳು.

ತಿರುವಿನಲ್ಲಿ ಮೊದಲು ಎತ್ತುಗಳು ಕಂಡವು. ಆಮೇಲೆ ಮಲೀಕಸಾಬ. ಆತನಿಗಿಂತ ಮೇಲೆ, ಆಕಾಶಕ್ಕೆ ತಾಗುವಂತೆ, ಚಾಳೀಸು ಹಾಕಿ ಹ್ಯಾಂಡಲ್ ಹಿಡಿದ ರಾಚಪ್ಪ.

ಹಲಗೆ ನಿಂತಿತು. ಆಮೇಲೆ ಸಂಗನಬಸಪ್ಪ ಕೇಳಿದ, "ಮಾಮಾ, ನಿಮ್ಮ ಫಟಫಟಿ ಎತ್ತರದಾಗ ಓಡತೈತಿ ಅಂತ ನೀವು ಹೇಳಿರಲೇ ಇಲ್ರಿ!"

ನಗೆ ಎದ್ದಿತು ನೋಡಿ, ಹಳ್ಳದ ಆಚೆ ದಂಡೆಗೂ ಕೇಳಿಸಿರಬೇಕು. ಮುದುಕರು ಕೋಲು ಬಿಟ್ಟು ನಕ್ಕರು. ಇಳಿದು ಓಡೋಣವೆಂದರೆ ರಾಚಪ್ಪನನ್ನು ಕಟ್ಟಿ ಹಾಕಿದ್ದರು. ಅವನಿಗೆ ಉಳಿದವರ ನಗೆಯ ಚಿಂತೆ ಇರಲಿಲ್ಲ. ಸಾವಿತ್ರೆವ್ವ ನಗದೆ ನಿಂತಿದ್ದಳು, ಅವನು ಅವಳನ್ನೇ ನೋಡಿದ.

ಸಾವಿತ್ರೆವ್ವ ಚಕ್ಕಡಿಯ ಹತ್ತಿರ ಬಂದಳು.

"ಇಳಕಲ್ಲಿಂದ ಇಲ್ಲೀತನಾ ಅದರ ಮ್ಯಾಲ ಕುಂತ ಬಂದೀರೇನ್ರಿ?"

"ಹೂಂ."

"ನಡುವ ಇಳದು ಚಕ್ಕಡ್ಯಾಗ ಕುಂತಿದ್ರೇನು?"

"ಇಳಿಯಾಕ ಎಲ್ಲಿ ಬರ್ತೈತಿ? ಕಟ್ಟ್ಯಾರ."

ಸಾವಿತ್ರೆವ್ವ ಗಂಡನ ಮುಖ ನೋಡಿದಳು. ಚಾಳೀಸಿನ ಕೆಳಗಿಂದ ಬೆವರೋ ಮತ್ತೇನೋ ಇಳಿಯುತ್ತಿತ್ತು. ಅವಳು ತಮ್ಮನ ಕಡೆ ತಿರುಗಿದಳು.

"ನಮ್ಮನಿಯವರು ಫಟಫಟಿ ಮ್ಯಾಲ ಕುಂತು ಬಂದ್ರ ಬರ್ತೇನಿ ಅಂದಿದ್ನಿ. ಬಂದಾರ. ಅದು ಯಾತರ ಮ್ಯಾಲ ನಿಂತಿರಬೇಕು ಅಂತ ನಾ ಹೇಳಿದ್ನೇನು? ನೀ ಯಾಕ ನಗ್ತಿ? ಅವರನ್ನ ನೋಡಿ ನಗಾಕ ನಾ ಒಬ್ಬಾಕಿ ಅದೇನಿ, ಸಾಕು."

ಹೀಗೆಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಲಿಯ ಮೇಲೆ ಕಾಲಿಟ್ಟು ಚಕ್ಕಡಿ ಹತ್ತಿ, ಚಕ್ಕಡಿಯಿಂದ ಫಟಫಟಿ ಹತ್ತಿ, ಗಂಡನ ಬೆನ್ನಿಗೆ ಕೂತಳು. ಯಂತ್ರದ ತೂಕ ತಪ್ಪಲಿಲ್ಲ. ಬದಲಿಗೆ ಅಷ್ಟು ಹೊತ್ತು ವಾಲುತ್ತಿದ್ದ ಫಟಫಟಿ ನೆಟ್ಟಗಾಯಿತು. ತವರಿಂದ ಹೊರಟ ಮಗಳಿಗೆ ಉಡಿ ತುಂಬಬೇಕಲ್ಲ, ಕೈ ಎಟುಕದೆ ಅವಳ ತಾಯಿ ಸಂಗನಬಸಪ್ಪನ ಹೊಸ ಟಾಂಗಾವನ್ನೇ ಮಣೆ ಮಾಡಿಕೊಂಡು ಹತ್ತಿ ನಿಂತು ತುಂಬಿದಳು.

"ನೇರ ಊರಿಗಿ ಬ್ಯಾಡ್ರಿ ಮಲೀಕಕಾಕಾ," ಎಂದಳು ಸಾವಿತ್ರೆವ್ವ. "ಮೊದಲ ಪ್ಯಾಟ್ಯಾಗ ಒಂದು ಸುತ್ತ ಹೊಡೀರಿ. ನೋಡೂದಿದ್ರ ಎಲ್ಲಾರೂ ನೋಡ್ಲಿ."

ಮೆರವಣಿಗೆ ಹೊರಟಿತು. ಈಗ ಹಲಗೆ ನಿಜವಾಗಿ ಮೊಳಗಿತು. ಬೆನ್ನ ಹಿಂದೆ ಹೆಂಡತಿ ಕೂತದ್ದೇ ರಾಚಪ್ಪನಿಗೆ ಹೊಸ ಹುರುಪು ಬಂದು, ಮಾಮಲೇದಾರ ಕಚೇರಿಯ ಮುಂದೆ ಬಂದಾಗ ಸುಮ್ಮನೆ ಕೂಡಲಾರದೆ ಪೆಡಲು ತುಳಿಯತೊಡಗಿದ. ಇಳಕಲ್ಲಿನಿಂದ ಅಲ್ಲಿಯವರೆಗಿನ ಕುಲುಕಾಟಕ್ಕೆ ಪೆಟ್ರೋಲಿನ ಕೊಳವೆಯಲ್ಲಿ ಸಿಕ್ಕಿದ್ದ ಕೊನೆಯ ಅರಿಷಿಣದ ಗಂಟು ಸಡಿಲಾಗಿತ್ತೋ ಏನೋ, ದೇವರಿಗೇ ಗೊತ್ತು.

ಫಟ್! ಫಟ್! ಫಟಫಟಫಟಫಟ!

ತಮ್ಮ ಬೆನ್ನ ಹಿಂದೆಯೇ ಸಿಡಿದ ಈ ಸದ್ದನ್ನು ಕೇಳಿದ ಎತ್ತುಗಳು ಒಂದನ್ನೊಂದು ನೋಡಲಿಲ್ಲ, ಬಾಲ ಎತ್ತಿ ಓಡಿದವು! ತೆಂಗಿನಕಾಯಿಯ ರಾಶಿ ಎತ್ತ ಹೋಯಿತೋ, ಬಳೆಗಾರ ಬುಟ್ಟಿ ಹೊತ್ತು ಕಟ್ಟೆ ಹೇಗೆ ಹಾರಿದನೋ! ಪಟಾಕಿ ಹಾರಿಸಿದವರು ಯಾರು ಎಂದು ಹೊರಗೆ ಬಂದ ಮಾಮಲೇದಾರರು, ಆಕಾಶಮಾರ್ಗದಲ್ಲಿ ದಂಪತಿಗಳು ಹೊಗೆ ಬಿಡುತ್ತ ಹೋಗುವುದನ್ನು ಕಂಡು ಕೈ ಮುಗಿದುಬಿಟ್ಟರು. ಕಚೇರಿಯ ಸಿಪಾಯಿಗಳೂ ಮುಗಿದರು.

"ಬಂದ್ ಮಾಡೋ ರಾಚ್ಯಾ!" ಮಲೀಕಸಾಬ ಹಗ್ಗಕ್ಕೆ ಜೋತುಬಿದ್ದು ಕೂಗಿದ.

"ಎಲ್ಲೆ ಬಂದ್ ಮಾಡೂದ ಕಾಕಾ? ಕೈಯೆಲ್ಲಾ ಹ್ಯಾಂಡಲ್ಲಿಗೆ ಕಟ್ಟೀರಿ!"

"ಯಾಕ ಬಂದ್ ಮಾಡ್ತೀರಿ?" ಹಿಂದಿನಿಂದ ಸಾವಿತ್ರೆವ್ವ ನಗುತ್ತ ಚೀರಿದಳು. ಉಡಿಯ ಅಕ್ಕಿ ಹಾದಿಗೆಲ್ಲ ಚೆಲ್ಲುತ್ತಿತ್ತು. "ಓಡಸ್ರಿ! ಇನ್ನೂ ಜೋರ ಓಡಸ್ರಿ!"

ಸಂಗನಬಸಪ್ಪ ಟಾಂಗಾ ಬೆನ್ನು ಹತ್ತಿಸಿದ. ಧೂಳು ಬಿಟ್ಟರೆ ಅವನಿಗೆ ಬೇರೇನೂ ಸಿಗಲಿಲ್ಲ. ಅರ್ಧ ದಿನದ ಚಕ್ಕಡಿಯ ಹಾದಿ ಬಾಯಲ್ಲಿನ ಎಲೆ ಅಡಿಕೆ ಮುಗಿಯುವುದರೊಳಗೆ ಮುಗಿಯಿತೆಂದು ಮಲೀಕಸಾಬ ಮುಂದೆ ಆಣೆ ಮಾಡಿ ಹೇಳುತ್ತಿದ್ದ. ಇಳಕಲ್ಲಿಗೆ ಬಂದ ಎತ್ತುಗಳು ಯಾರ ಅಪ್ಪಣೆಗೂ ಕಾಯದೆ ತಮ್ಮ ಮನೆಯ ಅಂಗಳಕ್ಕೆ ನುಗ್ಗಿ ನಿಂತವು. ಅದೇ ಹೊತ್ತಿಗೆ ಪೆಟ್ರೋಲು ತೀರಿ ಫಟಫಟಿಯೂ ನಿಂತಿತು.

ಗುರುಲಿಂಗವ್ವ ಆರತಿ ಹಿಡಿದು ಹೊರಗೆ ಬಂದಳು. ಹೊಗೆ ನೋಡಿದಳು, ಸೊಸೆಯ ಕೆದರಿದ ತಲೆ ನೋಡಿದಳು, ಮಗನ ಮುಖ ನೋಡಿದಳು. "ನೋಡಿದ್ರೆಲ್ಲೋ?" ಎಂದು ಓಣಿಯವರನ್ನೆಲ್ಲ ಕೇಳಿದಳು. "ಗೊಟ್ಟ ತಡಾ ಮಾಡಿದ್ರೂ ಹತ್ತೇ ಹತ್ತತೈತಿ!"

ಸಾವಿತ್ರೆವ್ವ ಮನೆಗೆ ಬಂದಳು, ರೊಟ್ಟಿ ಮೆತ್ತಗಾಯಿತು. ಫಟಫಟಿ ಮಾತ್ರ ಆಮೇಲೆ ನೆಲದ ಮೇಲೆ ನಿಂತು ಒಮ್ಮೆಯೂ ಹೂಂ ಎನ್ನಲಿಲ್ಲ. ಆದರೆ ಅದರ ಕೀರ್ತಿ ನಿಲ್ಲಲಿಲ್ಲ. ದೀವಳಿಗೆ ಕಳೆದ ಮೇಲೆ ಒಂದು ದಿನ ಸಂಗನಬಸಪ್ಪ ಬಂದ. ಈ ಸಲ ಟಾಂಗಾವನ್ನು ಓಣಿಯ ತುದಿಯಲ್ಲೇ ಬಿಟ್ಟು, ನಡೆದು ಬಂದ. ಕೊಟ್ಟ ನೀರು ಕುಡಿದ, ಕೂತ, ಎದ್ದ, ಮತ್ತೆ ಕೂತ.

"ಮಾಮಾ, ನನ್ನ ಲಗ್ನಾ ಗೊತ್ತಾಗೈತ್ರಿ. ಹೆಣ್ಣು ಬಾದಾಮ್ಯಾಕಿ."

"ಚಲೋ ಆತಲ್ಲೋ!"

"ಅವತ್ತು ಅಕಿ ಹುನಗುಂದಕ್ಕ ಬೀಗರ ಮನಿಗಿ ಬಂದಿದ್ಲಂತ. ಮಾಡಿ ಮ್ಯಾಲ ನಿಂತು ಎಲ್ಲಾ ನೋಡ್ಯಾಳ. ಈಗ ಹಟಾ ಹಿಡದಾಳ್ರಿ. ದಿಬ್ಬಣ ಹೊಂಟ್ರ ಚಕ್ಕಡಿ ಮ್ಯಾಲಿನ ಫಟಫಟಿ ಮ್ಯಾಲನ ಬರ್ತೇನಿ, ಇಲ್ಲಂದ್ರ ಲಗ್ನಾನ ಬ್ಯಾಡ ಅಂತ." ಸಂಗನಬಸಪ್ಪ ನೆಲ ನೋಡುತ್ತ ಹೇಳಿದ, "ನಿಮ್ಮ ಫಟಫಟಿ ಕೊಡಬೇಕ್ರಿ ಮಾಮಾ."

ರಾಚಪ್ಪನ ಮೀಸೆ ಏಳತೊಡಗಿತು. ಅದು ಪೂರ್ತಿ ಏಳುವ ಮೊದಲೇ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತು, ಸಾವಿತ್ರೆವ್ವನ ದನಿ ಬಂತು.

"ಫಟಫಟಿ ಯಾವದಾದ್ರೂ ನಡೀತೈತಿ ತಮ್ಮಾ. ಎತ್ತು ಮಾತ್ರ ನಮ್ಮವ ಒಯ್ಯಿ."